ಎಡಗಡೆಯ ಸಾಹೇಬರು

“ಸುಮ್ನಿರೋ, ಅಲ್ಲಾಡಬೇಡ!”

ಅಕ್ಕ ತಮ್ಮನ ಎಡಗೆನ್ನೆಯನ್ನು ಮೇಲಕ್ಕೆ ಜಗ್ಗಿ, ಕಿವಿಯ ಹಿಂದಕ್ಕೆ ಅಂಟುಪಟ್ಟಿ ಬಿಗಿದಳು. ಹೊಲಿಗೆಯವಳ ಕೈ, ಜೋತುಬಿದ್ದದ್ದನ್ನು ಎತ್ತಿ ಕಟ್ಟಿದರೆ ಸರಿಹೋಗುತ್ತದೆ ಎಂಬ ನಂಬಿಕೆ ಅವಳದು. ಪಟ್ಟಿಯ ಮೇಲೆ ಪೌಡರು ಬಳಿದು, ಹಿಂದೆ ಸರಿದು ನೋಡಿದಳು.

“ಈಗ ನಗು.”

ಅವನು ನಕ್ಕ. ಬಲಗಡೆ ನಕ್ಕಿತು. ಎಡಗಡೆ ಮಾತ್ರ ಪಕ್ಕದ ಮನೆಯ ಜಗಳ ನೋಡುವವನಂತೆ ಸುಮ್ಮನಿತ್ತು.

ಅವನು ಬಸ್ ಡಿಪೋದಲ್ಲಿ ಟೈರ್ ಬಿಚ್ಚಿ ಹಾಕುವವನು. ಬಾಯಲ್ಲೇ ಎಲ್ಲ ಬಸ್ಸುಗಳ ಹಾರ್ನ್ ಹೊಡೆಯುತ್ತಿದ್ದನಾದ್ದರಿಂದ ಹೆಸರೇ ‘ಹಾರ್ನ್’ ಆಗಿತ್ತು. ಪ್ರತಿ ವರ್ಷ ಡಿಪೋದ ವಾರ್ಷಿಕೋತ್ಸವದಲ್ಲಿ ಅವನು ಡ್ರೈವರ್, ಕಂಡಕ್ಟರುಗಳ ಅಣಕ ಮಾಡಿದರೆ ಶೆಡ್ಡಿನ ತಗಡು ಹಾರಿಹೋಗುವಂತೆ ಜನ ನಗುತ್ತಿದ್ದರು. ಕಳೆದ ಚಳಿಗಾಲದ ಒಂದು ಬೆಳಿಗ್ಗೆ ಅವನು ಎದ್ದ, ಅರ್ಧ ಮುಖ ಏಳಲಿಲ್ಲ. ಎಣ್ಣೆ ತಿಕ್ಕಿಸಿದ್ದಾಯಿತು, ಆಸ್ಪತ್ರೆಯಲ್ಲಿ ಕರೆಂಟು ಕೊಡಿಸಿದ್ದಾಯಿತು. ಕೊನೆಗೆ ಡಾಕ್ಟರು, “ಬರೋದಿದ್ರೆ ಇಷ್ಟು ಹೊತ್ತಿಗೆ ಬರ್ತಿತ್ತು. ಇನ್ನು ಇಷ್ಟೇ ಅಂದ್ಕೊಳ್ಳಿ,” ಎಂದರು.

“ಇಷ್ಟೇ ಅಂದ್ಕೊಳ್ಳೋಕೆ ಇದೇನು ಅವರಪ್ಪನ ಮುಖಾನಾ?” ಎಂದು ಆ ದಿನ ಅವನು ಟೈರಿಗೆ ಒದ್ದ. ಟೈರಿಗೇನೂ ಆಗಲಿಲ್ಲ. ಅವನು ವಾರವಿಡೀ ಕುಂಟಿದ.

ಈ ವರ್ಷದ ಉತ್ಸವಕ್ಕೆಂದು ಮಧ್ಯಾಹ್ನ ಅಕ್ಕನ ಜೊತೆ ಡಿಪೋ ತಲುಪಿದಾಗ, ಕಾರ್ಯಕ್ರಮದ ಉಸ್ತುವಾರಿ ಹೊತ್ತಿದ್ದ ಮೇಸ್ತ್ರಿ ಅವನನ್ನು ವೇದಿಕೆಯ ಹಿಂದಕ್ಕೆ ಕರೆದೊಯ್ದ.

“ಈ ಸಲ ಬಿಡಪ್ಪ. ನೋಡ್ದೋರು ನಗಲ್ಲ, ಅಯ್ಯೋ ಪಾಪ ಅಂತಾರೆ.”

“ಪಾಪ ಅನ್ನೋಕೆ ನಾನೇನು ಸತ್ತಿದೀನಾ?”

“ಸಿಟ್ಟಾಗಬೇಡ. ನಿನ್ನ ಒಳ್ಳೇದಕ್ಕೇ...”

ಅಷ್ಟರಲ್ಲಿ ಬೆವರಿಗೆ ಪಟ್ಟಿ ಸಡಿಲವಾಯಿತು. ಕೆನ್ನೆ ಮೇಸ್ತ್ರಿಯ ಕಣ್ಣೆದುರೇ ಜಾರಿ ಕೆಳಗಿಳಿಯಿತು. ಮೇಸ್ತ್ರಿ ತಟಕ್ಕನೆ ಬೇರೆ ಕಡೆ ತಿರುಗಿ, ಇಲ್ಲದ ಕೆಲಸ ಹುಡುಕುವವನಂತೆ ಕುರ್ಚಿಗಳನ್ನು ನೋಡತೊಡಗಿದ.

ಆ ತಿರುಗುವಿಕೆ ಇವನ ಎದೆಗೆ ನಾಟಿತು. ತಿಂಗಳುಗಟ್ಟಲೆ ಎಲ್ಲರೂ ಹೀಗೇ ತಿರುಗಿದ್ದರು, ಇವನ ಮುಖಕ್ಕೆ ಬಟ್ಟೆಯೇ ಇಲ್ಲವೇನೋ ಎಂಬಂತೆ. ಅವನು ಪಟ್ಟಿಯನ್ನು ಕೂದಲ ಸಮೇತ ಚರ್ರನೆ ಕಿತ್ತು ಬಿಸಾಕಿದ.

“ಐದು ನಿಮಿಷ ಕೊಡಣ್ಣ. ಯಾರೂ ನಗದಿದ್ರೆ ಇನ್ಮೇಲೆ ಕುರ್ಚಿ ಜೋಡಿಸ್ಕೊಂಡಿರ್ತೀನಿ. ಸ್ಟೇಜ್ ಹತ್ರಾನೂ ಸುಳಿಯಲ್ಲ.”

ಅವನು ವೇದಿಕೆ ಹತ್ತುತ್ತಲೇ ಗದ್ದಲ ನಿಂತಿತು. ಕೆಲವರು ತಮ್ಮ ಮಡಿಲು ನೋಡಿಕೊಂಡರು. ಅವನು ಬಲಗೆನ್ನೆ ಮಾತ್ರ ಕಾಣುವಂತೆ ಅಡ್ಡ ನಿಂತು, ಸೊಂಟ ಬಗ್ಗಿಸಿ, ಕೈ ಹೊಸೆದ.

“ಸಾರ್, ಮಗೂಗೆ ಜ್ವರ. ನಾಳೆ ಒಂದಿನ ರಜ ಬೇಕಿತ್ತು ಸಾರ್.”

ನಂತರ ಹಿಮ್ಮಡಿಯ ಮೇಲೆ ಗಿರಕ್ಕನೆ ತಿರುಗಿ, ಎಡಗೆನ್ನೆ ತೋರಿಸಿ ನೆಟ್ಟಗೆ ನಿಂತ. ರೆಪ್ಪೆ ಬಡಿಯದ ಕಣ್ಣು, ಕೆಳಗಿಳಿದ ತುಟಿ. ಒಂದು ಮಾತಿಲ್ಲ. ಹಾಗೇ ನಿಂತ.

“ಅಯ್ಯೋ, ನಮ್ ಸಾಹೇಬ್ರು ಕಣ್ರೋ!” ಎಂದು ಹಿಂದಿನ ಸಾಲಿನಿಂದ ಯಾರೋ ಕೂಗಿದರು.

ಶೆಡ್ಡು ಬಿದ್ದು ಬಿದ್ದು ನಕ್ಕಿತು. ಮುಂದಿನ ಸಾಲಿನಲ್ಲಿ ಕೂತಿದ್ದ ಡಿಪೋ ಮ್ಯಾನೇಜರ್ ಸಾಹೇಬರು ಅತ್ತಿತ್ತ ನೋಡಿ, ಗಂಟಲು ಸರಿಮಾಡಿಕೊಂಡರು.

ಮತ್ತೆ ಬಲಗಡೆ. “ಸಾರ್, ನಮ್ಮತ್ತೆ ಹೋಗ್ಬಿಟ್ರು. ಹೌದು ಸಾರ್, ಹೋದ ಸಲಾನೂ ಹೋಗಿದ್ರು. ಆದ್ರೆ ಪೂರ್ತಿ ಹೋಗಿರ್ಲಿಲ್ಲ.”

ಮತ್ತೆ ಎಡಗಡೆ. ಕಲ್ಲು.

ಜನ ಹೊಟ್ಟೆ ಹಿಡಿದುಕೊಂಡರು. ಈ ಅರ್ಧವನ್ನು ನಗಿಸಲು ಎಷ್ಟು ಹೆಣಗಿದ್ದ! ಅದು ಏನೂ ಮಾಡಬೇಕಿರಲಿಲ್ಲ. ಮಾಡದಿದ್ದಷ್ಟೂ ಒಳ್ಳೆಯದಿತ್ತು.

ಆಗ ಫ್ಯಾನಿನ ಗಾಳಿಗೆ, ಮುಚ್ಚಲು ಬಾರದ ಎಡಗಣ್ಣಿನಲ್ಲಿ ನೀರು ತುಂಬಿತು. ತಡೆಯುವುದು ಅವನ ಕೈಯಲ್ಲಿರಲಿಲ್ಲ. ತುಂಬಿ, ಎಡಗಡೆಯ ಸಾಹೇಬರ ಕೆನ್ನೆಯ ಮೇಲೆ ಎಲ್ಲರಿಗೂ ಕಾಣುವಂತೆ ಇಳಿಯಿತು. ನಗು ಅರ್ಧದಲ್ಲೇ ನಿಂತಿತು. “ಅಯ್ಯೋ ಪಾಪ,” ಎಂದು ಮುಂದಿನ ಸಾಲಿನ ಹೆಂಗಸೊಬ್ಬಳು ಪಿಸುಗುಟ್ಟಿದ್ದು ಅವನಿಗೂ ಕೇಳಿಸಿತು. ಪಕ್ಕದಲ್ಲೇ ಮೆಟ್ಟಿಲು. ಇಳಿದು ಹೋದರೆ ಯಾರೂ ತಡೆಯುತ್ತಿರಲಿಲ್ಲ.

ಅವನು ಇಳಿಯಲಿಲ್ಲ. ಬಲಗೆನ್ನೆ ಕಾಣುವಂತೆ ತಿರುಗಿ, ಸೊಂಟದಲ್ಲಿದ್ದ ಗ್ರೀಸ್ ಬಟ್ಟೆ ಎಳೆದು, ಕೈ ಸುತ್ತಿಸಿ ಆಚೆಯ ಕೆನ್ನೆಯನ್ನು ಮೆತ್ತಗೆ ಒರೆಸಿದ.

“ಅಳ್ಬೇಡಿ ಸಾರ್. ನಿಮ್ ಸಂಕಟ ನಂಗೆ ನೋಡೋಕಾಗಲ್ಲ. ರಜ ಬೇಡ ಬಿಡಿ, ಡ್ಯೂಟಿಗೇ ಬರ್ತೀನಿ.”

ಆ ಸಾಹೇಬರ ಕೆನ್ನೆಗೆ ಗ್ರೀಸಿನ ಕಪ್ಪು ಮೆತ್ತಿತು. ಆಮೇಲೆ ನಗು ಎಲ್ಲಿಂದ ಎದ್ದಿತೋ, ಮೇಸ್ತ್ರಿ ಕಂಬ ಹಿಡಿದುಕೊಂಡು ಕುಸಿದ. ಎಲ್ಲರಿಗಿಂತ ಕೊನೆಗೆ ಮ್ಯಾನೇಜರ್ ಸಾಹೇಬರೂ ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು.

ಸಂಜೆ ಪಾಳಿಯ ಬಸ್ಸು ಹೊರಡುವಾಗ ಡ್ರೈವರ್ ಕಿಟಕಿಯಿಂದ ತಲೆ ಹೊರಹಾಕಿ, “ಸಾರ್, ರಜ?” ಎಂದ. ಹಾರ್ನ್ ನಿಧಾನವಾಗಿ ತಿರುಗಿ ತನ್ನ ಎಡಗೆನ್ನೆ ತೋರಿಸಿದ. ಡ್ರೈವರ್ ಸಲಾಮು ಹೊಡೆದು ಗೇಟು ದಾಟಿದ.

ಗೋಡೆಯ ಪಕ್ಕ ನಿಂತು ಎಲ್ಲವನ್ನೂ ನೋಡಿದ್ದ ಅಕ್ಕ ಹತ್ತಿರ ಬಂದಳು. “ಮನೆಗೆ ಬಾ,” ಎಂದಳು.

“ಒಂದು ಟೈರ್ ಬಾಕಿ ಇದೆ. ನೀನು ಹೋಗಿರು.”

ಅವಳು ಹೋಗಲಿಲ್ಲ. ಹಳೆಯ ಟೈರೊಂದನ್ನು ಎಳೆದುಕೊಂಡು ಕೂತಳು. ಅವನು ಮಂಡಿಯೂರಿ ವಾಲ್ವ್ ಬಿಚ್ಚಿದ. ಒಳಗಿನ ಗಾಳಿ ಉಸ್ಸೆಂದು ಹೊರಬಂದು, ನೆಲದ ಧೂಳನ್ನು ಅವಳ ಪಾದದವರೆಗೂ ತಳ್ಳಿಕೊಂಡು ಹೋಯಿತು.