ಕನ್ಯಾಕುಮಾರಿಗೆ ಹೊರಟವರು

ರಾತ್ರಿಯೇ ಗೋಡೆಗೆ ಒರಗಿಸಿ ಕೂರಿಸಿದ್ದ ಹೆಣ ಮತ್ತೆ ಎಡಕ್ಕೆ ವಾಲಿತು. ಗುರುಮಲ್ಲಯ್ಯ ಅದರ ಭುಜವನ್ನು ತನ್ನ ಎದೆಗೆ ಆನಿಸಿಕೊಂಡು ಹಿಡಿದ. ಅಯ್ಯನವರು ಹಣೆಗೆ ವಿಭೂತಿ ಬಳಿದು ತಲೆಗೆ ಪೇಟ ಸುತ್ತಿದರು. ಉಗುರಿನ ಸಂದಿಯ ಗ್ರೀಸು ಮಾತ್ರ ಎಷ್ಟು ತಿಕ್ಕಿದರೂ ಹೋಗಿರಲಿಲ್ಲ.

ಅಷ್ಟು ಹೊತ್ತಿಗೆ ಚಾಮರಾಜನಗರದ ರಸ್ತೆ ಕಡೆಯಿಂದ ಎರಡು ಮೋಟಾರು ಸೈಕಲ್ಲುಗಳ ಸದ್ದು ಕೇಳಿಸಿತು. ಅಳುತ್ತಿದ್ದ ಹೆಂಗಸರು ಸುಮ್ಮನಾಗಿ ಬಾಗಿಲ ಕಡೆ ನೋಡಿದರು. ಶಿವರುದ್ರಸ್ವಾಮಿ, ಶಂಭುಲಿಂಗಪ್ಪ ಇಬ್ಬರೂ ಕೋಟು ತೊಟ್ಟು, ಕಿವಿಗೆ ಮಫ್ಲರ್ ಸುತ್ತಿ, ಹಿಂದಿನ ಸೀಟಿಗೆ ಹಾಸಿಗೆ ಸುರುಳಿ ಕಟ್ಟಿಕೊಂಡು ಬಂದಿದ್ದರು. ಸುದ್ದಿ ಅವರಿಗೆ ಮುಟ್ಟಿರಲಿಲ್ಲ. ಐವತ್ತೇಳನೇ ಇಸವಿಯ ಸಂಕ್ರಾಂತಿ ಕಳೆದ ಮೊದಲ ಸೋಮವಾರ ಗುರುಮಲ್ಲಯ್ಯನೂ ಸೇರಿ ನಾಲ್ವರು ಗೆಳೆಯರೂ ಗುಂಡ್ಲುಪೇಟೆಯ ಚಿಕ್ಕಮಲ್ಲಪ್ಪನ ಮನೆ ಮುಂದೆ ಸೇರುವುದು, ಬಂಡೀಪುರದ ಮೇಲೆ ಗಡಿ ದಾಟಿ ಊಟಿಗೆ, ಅಲ್ಲಿಂದ ಕನ್ಯಾಕುಮಾರಿಗೆ ಹೋಗುವುದು ಎಂದು ಮಾತಾಗಿತ್ತು. ಶಿವರುದ್ರಸ್ವಾಮಿ ಹೊಸಿಲಲ್ಲೇ ನಿಂತು, "ಯಾರ್ಲಾ?" ಅಂದ. ಪೇಟದ ಕೆಳಗಿನ ಮುಖ ಕಂಡು ಕಂಬ ಹಿಡಿದು ಕೂತುಬಿಟ್ಟ.

ಏನಾಯಿತೆಂದು ಚಿಕ್ಕಮಲ್ಲಪ್ಪನ ಹೆಂಡತಿ ಶಾಂತಮಲ್ಲಮ್ಮನೇ ಹೇಳಿದಳು. ಬಂದವರಿಗೆಲ್ಲ ಅವಳು ಅದನ್ನೇ, ಅದೇ ಮಾತುಗಳಲ್ಲಿ ಹೇಳುತ್ತಿದ್ದಳು. ನಿನ್ನೆ ಸಂಜೆ ಗಂಡ ಬೇಗ ಬಂದು ಮಲಗಿದ್ದ. ಇನ್ನು ಎಂಟು ದಿನ ಊರಲ್ಲಿರುವುದಿಲ್ಲವಲ್ಲ, ಅಟ್ಟದ ಮೇಲಿನ ರಾಗಿ ಮೂಟೆ ಇಳಿಸಿಕೊಟ್ಟು ಹೋಗಲಿ ಎಂದು ಅವಳು ಎಬ್ಬಿಸಿದಳು. ಇಳಿಸಿದ. ಗೋಡೆ ಹಿಡಿದುಕೊಂಡ. ನೀರು ಅಂದ. ಅವಳು ಚೊಂಬು ತರುವಷ್ಟರಲ್ಲಿ ಕೆಳಗೆ ಬಿದ್ದಿದ್ದ.

"ಮನಗಿದ್ದೋರ್ನ ನಾನೇ ಎಬ್ಬಿಸ್ದೆ ಕಣಣ್ಣ," ಅಂದಳು.

ಗುರುಮಲ್ಲಯ್ಯ ಹೆಣದ ಭುಜ ಬಿಡಲಿಲ್ಲ. ಅವನು ಹೇಳಬೇಕಾದ ಮಾತೊಂದಿತ್ತು. ಹೇಳುವ ಬದಲು ಜಾರಿದ್ದ ಪೇಟವನ್ನು ಸರಿಮಾಡಿದ.

*

ಬಸ್ ನಿಲ್ದಾಣದ ಹಿಂದಿನ ತಗಡಿನ ಶೆಡ್ಡು ಚಿಕ್ಕಮಲ್ಲಪ್ಪನದು. ಗಡಿಯಾಚೆ ಹೋಗುವ ಲಾರಿ, ಕಾರುಗಳನ್ನು ಅವನು ಇಪ್ಪತ್ತು ವರ್ಷ ರಿಪೇರಿ ಮಾಡಿ ಕಳಿಸಿದ. ತಾನು ಮಾತ್ರ ಮೈಸೂರಿನಾಚೆ ಕಾಲಿಟ್ಟವನಲ್ಲ. ಯುದ್ಧ ಮುಗಿದ ಮೇಲೆ ಮಿಲಿಟರಿಯವರು ಹರಾಜು ಹಾಕಿದ ಮೂರು ಮುರುಕು ಗಾಡಿಗಳನ್ನು ಬಿಚ್ಚಿ, ತನಗೆಂದು ಒಂದು ಮೋಟಾರು ಸೈಕಲ್ಲು ಕಟ್ಟಿಕೊಳ್ಳಲು ಅವನಿಗೆ ನಾಲ್ಕು ವರ್ಷ ಹಿಡಿದಿತ್ತು. ಉಳಿದ ಮೂವರು ಜಮೀನು, ಮಂಡಿ ಇದ್ದವರು. ಅವರಿಗೆ ಈ ಪ್ರಯಾಣ ಮೋಜು. ಸಮುದ್ರ ನೋಡಬೇಕೆಂಬ ಹಂಬಲ ಇದ್ದದ್ದು ಅವನೊಬ್ಬನಿಗೇ.

ಹೊರಡುವುದಕ್ಕೆ ನಾಲ್ಕು ದಿನ ಮುಂಚೆ, ಮಧ್ಯಾಹ್ನ, ಗುರುಮಲ್ಲಯ್ಯ ತನ್ನ ಅರಿಶಿನ ಮಂಡಿಗೆ ಬೀಗ ಹಾಕಿ ಶೆಡ್ಡಿಗೆ ಹೋದಾಗ ಚಿಕ್ಕಮಲ್ಲಪ್ಪ ಹಳೇ ಟೈರಿನ ಮೇಲೆ ಕೂತಿದ್ದ. ಮೈಯೆಲ್ಲ ಬೆವರು. ಎಡಗೈಯನ್ನು ಬಲಗೈಯಲ್ಲಿ ಒತ್ತಿ ಹಿಡಿದಿದ್ದ. ಎದೆಯಿಂದ ತೋಳಿಗೆ ಎಳೆಯುತ್ತೆ, ಹದಿನೈದು ದಿನದಿಂದ ಹೀಗೆ ಬಂದು ಹೋಗುತ್ತಿದೆ ಅಂದ.

"ಡಾಕ್ಟ್ರಿಗೆ ತೋರ್ಸನ ನಡಿ," ಅಂದ ಗುರುಮಲ್ಲಯ್ಯ.

"ತೋರ್ಸುದ್ರೆ ಮನಿಕ್ಕೊ ಅಂತಾನೆ. ಸಮುದ್ರ ನೋಡ್ಬುಟ್ಟು ಬತ್ತೀನಿ, ಆಮೇಲೆ ನೀ ಎಲ್ಲಿಗ್ ಕರುದ್ರೂ ಬತ್ತೀನಿ. ನಮ್ಮೋಳ ಕಿವಿಗೆ ಬೀಳ್ದಂಗೆ ನೋಡ್ಕೊ ಕಣ್ಲಾ."

ಗುರುಮಲ್ಲಯ್ಯ ಒಪ್ಪಿದ. ಸ್ನೇಹಕ್ಕೆ ಕಟ್ಟುಬಿದ್ದು ಒಪ್ಪಿದೆ ಎಂದು ತನಗೆ ತಾನೇ ಹೇಳಿಕೊಂಡ. ಆದರೆ ಆ ಗಳಿಗೆಯಲ್ಲಿ ಅವನ ತಲೆಯಲ್ಲಿ ಓಡಿದ್ದು ಬೇರೆ. ಊಟಿ ಘಾಟಿಯಲ್ಲಿ ಗಾಡಿ ಕೆಟ್ಟರೆ ಬಿಚ್ಚಿ ಕೂಡಿಸಬಲ್ಲವನು ಇವನೊಬ್ಬನೇ. ಇವನು ಮಲಗಿದರೆ ಪ್ರಯಾಣವೇ ಇಲ್ಲ. ಗುರುಮಲ್ಲಯ್ಯ ಆಗಲೇ ಹೊಸ ಬೂಟು ಕೊಂಡಿದ್ದ.

*

ಹೊತ್ತು ಏರಿದ ಮೇಲೆ ಹಂಗಳದಿಂದ ಚಿಕ್ಕಮಲ್ಲಪ್ಪನ ಅಕ್ಕ ದೊಡ್ಡಮಲ್ಲಮ್ಮ ಬಂದಳು. ತಮ್ಮನ ಕಾಲ ಮೇಲೆ ಬಿದ್ದು ಅತ್ತಳು. ಶಾಂತಮಲ್ಲಮ್ಮ ಅವಳಿಗೂ ಎಲ್ಲವನ್ನೂ ಒಪ್ಪಿಸಿದಳು. ದೊಡ್ಡಮಲ್ಲಮ್ಮ ಸೆರಗಿನಿಂದ ಮೂಗು ಒರೆಸಿಕೊಂಡು, ದನಿ ಏರಿಸದೆಯೇ, ನೆರೆದವರಿಗೆಲ್ಲ ಕೇಳುವಂತೆ ಅಂದಳು:

"ಮನಗಿದ್ದ ನನ್ ತಮ್ಮುನ್ನ ಎಬ್ಬಿಸಿ, ಮೂಟೆ ಎತ್ಸಿ ಸಾಯಿಸ್ಬುಟ್ಟಲ್ಲವ್ವ."

ಶಾಂತಮಲ್ಲಮ್ಮ ಹೌದೆನ್ನುವಂತೆ ತಲೆಯಾಡಿಸಿದಳು. ಗುರುಮಲ್ಲಯ್ಯ ಬಾಯಿ ತೆರೆದ. ಪಕ್ಕದಲ್ಲಿದ್ದ ಶಂಭುಲಿಂಗಪ್ಪ ಏನೆಂದು ತಿರುಗಿ ಕೇಳಿದ. ಗುಣಿ ತೋಡಿದರೋ ಇಲ್ಲವೋ ನೋಡಿಬರುತ್ತೇನೆ ಎಂದು ಗುರುಮಲ್ಲಯ್ಯ ಎದ್ದು ಹೊರಗೆ ಹೋದ.

ಚಿಕ್ಕಮಲ್ಲಪ್ಪನನ್ನು ಗುಣಿಯೊಳಗೆ ಕೂರಿಸಿ, ಅಂಗೈಯಲ್ಲಿ ಲಿಂಗ ಇಟ್ಟರು. ಮೊದಲು ಪತ್ರೆ, ವಿಭೂತಿ. ಆಮೇಲೆ ಉಪ್ಪು, ಮಣ್ಣು. ಮಣ್ಣು ಗಲ್ಲಕ್ಕೆ ಬರುವ ತನಕ ಗುರುಮಲ್ಲಯ್ಯ ನೋಡಿದ, ಮುಂದಕ್ಕೆ ನೋಡಲಾಗಲಿಲ್ಲ. ಚಾಮರಾಜನಗರದ ಗೆಳೆಯರಿಬ್ಬರೂ ಕಟ್ಟಿದ ಹಾಸಿಗೆ ಬಿಚ್ಚದೆ ಹಾಗೇ ಊರಿಗೆ ಹಿಂತಿರುಗಿದರು.

ಹೆಣ ಕೂರಿಸಿದ್ದ ಜಾಗದಲ್ಲಿ ಹಚ್ಚಿಟ್ಟ ದೀಪ ನೋಡಲು ಗುರುಮಲ್ಲಯ್ಯ ಸತ್ತವನ ಮನೆಗೆ ಬಂದಾಗ ಶಾಂತಮಲ್ಲಮ್ಮ ಒಬ್ಬಳೇ ಕೂತಿದ್ದಳು. ದೊಡ್ಡಮಲ್ಲಮ್ಮ ಅವಳಿಗೆ ಬೆನ್ನು ಮಾಡಿ ಮಲಗಿದ್ದಳು. ಹೇಳಿಯೇ ಬಿಡುವುದೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದ. ಅವನಿಗಿಂತ ಮುಂಚೆ ಅವಳೇ ಕೇಳಿದಳು.

"ಗುರುಮಲ್ಲಣ್ಣ, ನಿಮ್ಗೇನಾರ ಏಳಿದ್ರಾ? ಎದೆ ನೋವು ಗಿದೆ ನೋವು ಅಂತ? ನಂಗೇಳ್ದಿದ್ರೂ ನಿಮ್ಗೇಳೋರು."

ಅವಳ ದನಿಯಲ್ಲಿ ಅನುಮಾನವಿರಲಿಲ್ಲ. ಹೂಂ ಅಂದುಬಿಡಲಿ ಎಂಬ ಆಸೆಯಿತ್ತು.

"ಇಲ್ಲ ಕಣವ್ವ," ಅಂದ ಗುರುಮಲ್ಲಯ್ಯ. "ಏನೂ ಏಳಿರ್ನಿಲ್ಲ."

"ಅಂಗಾರೆ ಮೂಟೆಯಿಂದ್ಲೇಯ," ಅಂದು ಅವಳು ದೀಪದ ಕಡೆ ತಿರುಗಿದಳು.

ನಿನ್ನೆ ಸುದ್ದಿ ಕೇಳಿ ಅವನು ಓಡಿಬಂದಿದ್ದ ಮೋಟಾರು ಸೈಕಲ್ಲು, ಪ್ರಯಾಣಕ್ಕೆ ಕಟ್ಟಿದ ಗಂಟಿನ ಸಮೇತ ಜಗಲಿಯ ಪಕ್ಕದಲ್ಲೇ ಇತ್ತು. ಹತ್ತಿದ. ಮನೆಯ ಕಡೆ ತಿರುಗಿಸಲಿಲ್ಲ. ಹಂಗಳ ದಾಟಿತು. ಗೋಪಾಲಸ್ವಾಮಿ ಬೆಟ್ಟದ ತಲೆಯ ಮೇಲೆ ಇಳಿಬಿಸಿಲಿತ್ತು; ಕೆಳಗೆ ಕಾಡು ಶುರುವಾಯಿತು. ಎಲ್ಲಿಗೆಂದು ಅವನಿಗೇ ಗೊತ್ತಿರಲಿಲ್ಲ.

ಬಂಡೀಪುರದಾಚೆ, ಗಡಿಯ ಗೇಟಿನಲ್ಲಿ ಮುದಿ ಕಾವಲುಗಾರ ಹಗ್ಗ ಜಗ್ಗಿ ಅಡ್ಡಬಿದಿರನ್ನು ಎತ್ತಿದ. "ಒಬ್ರೇಯಾ ಬುದ್ಧಿ?" ಅಂತ ಕೇಳಿದ. ಮುಂದಿನ ಚಕ್ರ ಗೇಟಿನ ಗೆರೆಗೆ ಬಂದು ನಿಂತಿತು. ಇಂಜಿನ್ನು ಓಡುತ್ತಲೇ ಇತ್ತು. ಅವನು ಮುಂದಕ್ಕೂ ಹೋಗಲಿಲ್ಲ, ಹಿಂದಕ್ಕೂ ತಿರುಗಲಿಲ್ಲ. ಕಾವಲುಗಾರ ಹಗ್ಗವನ್ನು ಬಲಗೈಯಿಂದ ಎಡಗೈಗೆ ಬದಲಾಯಿಸಿದ, ಮತ್ತೆ ಎರಡೂ ಕೈಯಲ್ಲಿ ಹಿಡಿದ. ಸ್ವಲ್ಪ ಹೊತ್ತಿಗೆ ಅವನ ತೋಳುಗಳು ನಡುಗತೊಡಗಿದವು. ಮೇಲೆ ಬಿದಿರೂ ನಡುಗುತ್ತಿತ್ತು.