ವಾಚಿನ ಪಟ್ಟಿಯ ಒರೆ

ಹಲ್ಲುದುರಿದ ದವಡೆ, ಪರದೆಯ ಮೇಲೆ ಆ ಕಟ್ಟಡ ಮೂಡಿದಾಗ ಬೆಳ್ಯಪ್ಪನಿಗೆ ಮೊದಲು ಹೊಳೆದದ್ದು ಅದು, ಸತ್ತ ಎತ್ತಿನ ದವಡೆ ಗುಡ್ಡದ ಬಿಸಿಲಿಗೆ ಬಿದ್ದು ಬಿದ್ದು ಹೀಗೇ ಬೂದಿಬಣ್ಣಕ್ಕೆ ಬರುತ್ತದೆ, ಒಂದು ಕಡೆ ಎತ್ತರ, ಒಂದು ಕಡೆ ಮುರಿದು, ಬಾಯಿ ಮಾತ್ರ ತೆರೆದೇ ಇರುತ್ತದೆ — ಪತ್ತನಾಜೆ ಕಳೆದು ಮೂರನೆಯ ದಿನ, ಭೂತದ ಗೆಜ್ಜೆ ಒಳಗೆ ಸೇರಿ ಆಟ, ಕೋಳಿ ಅಂಕ ಎಲ್ಲ ನಿಂತ ಮೇಲಿನ ಸೆಕೆ, ಮಧ್ಯಾಹ್ನ ಮೂರು ಗಂಟೆ, ಪುತ್ತೂರಿನಲ್ಲಿ ಸಾಹುಲ್ ಹಮೀದನ ಟ್ರಾವೆಲ್ಸ್ ಆಫೀಸಿನ ಫ್ಯಾನು ಇದ್ದ ಸೆಕೆಯನ್ನೇ ಮಗುಚಿ ಮಗುಚಿ ಹಾಕುತ್ತಿತ್ತು, ಗೋಡೆಯಲ್ಲಿ ಮೆಕ್ಕಾದ ಪಟ, ಅದರ ಪಕ್ಕ ಹಿಮದ ಗುಡ್ಡದ ಪಟ, ಕೆಳಗೆ ಮೂರು ಕುರ್ಚಿ, ನಡುವಿನದರಲ್ಲಿ ಯಶಸ್ವಿ, ತಮ್ಮನ ಮೊಮ್ಮಗಳು, ಸುಳ್ಯದ ಕಾಲೇಜಿನಲ್ಲಿ ಮಕ್ಕಳಿಗೆ ಚರಿತ್ರೆ ಹೇಳುವವಳು, ಆಚೆ ಕಮಲಾವತಿ, ತಮ್ಮನ ಹೆಂಡತಿ, ತಮ್ಮ ಪದ್ಮಯ್ಯ ಹೋಗಿ ನಲ್ವತ್ತೊಂದು ವರ್ಷ ಆಯಿತು, ಆದರೂ ಬೆಳ್ಯಪ್ಪನ ಮನಸ್ಸಿನಲ್ಲಿ ಅವಳು ಈಗಲೂ ತಮ್ಮನ ಹೆಂಡತಿಯೇ, ಗುಂಡ್ಯದ ಘಾಟಿಯಿಂದ ಆಚೆ ಕಾಲಿಡದವಳು, ಕಾಶಿಗೆ ಕರೆದರೆ ಬೇಡ ಎಂದವಳು, ದೆಹಲಿ ತೋರಿಸುತ್ತೇನೆ ಎಂದರೆ ದನಕ್ಕೆ ಯಾರು ಎಂದವಳು, ಈ ದವಡೆಯ ಪಟವನ್ನು ಯಶಸ್ವಿ ಮೊಬೈಲಿನಲ್ಲಿ ತೋರಿಸಿ ಅಲ್ಲಿ ಏನು ನಡೆಯುತ್ತಿತ್ತು ಎಂದು ವಿವರಿಸಿದ ಸಂಜೆ ಮಾತ್ರ ಪಾತ್ರೆ ತಿಕ್ಕುವುದನ್ನು ನಿಲ್ಲಿಸಿ, ಇದಕ್ಕೆ ಹೋಗುವ ಎಂದಿದ್ದಳು, ಭಾವನೂ ಬರಲಿ ಎಂದಿದ್ದಳು, ಪ್ರಾಯ ಆದ ಮೇಲೆ ಒಂದೊಂದು ಆಸೆ ಹುಟ್ಟುತ್ತದೆ ಎಂದು ಅವನು ಆಗ ಅಂದುಕೊಂಡದ್ದು. ರೋಮ್ ಎಂಬ ಊರು, ಎರಡು ಸಾವಿರ ವರ್ಷದ ಹಿಂದಿನ ಕಲ್ಲಿನ ಉರುಟು, ಐವತ್ತು ಸಾವಿರ ಜನ ಸುತ್ತ ಕೂತು ಮನುಷ್ಯರು ಮನುಷ್ಯರನ್ನು ಇರಿಯುವುದನ್ನು ನೋಡುತ್ತಿದ್ದರಂತೆ, ಇರಲಿ, ಯಾವುದೋ ಊರಿನ ಸಂಗತಿ, ಸತ್ತವರು ಸತ್ತಾಯಿತು — ಸಾಹುಲ್ ಹಮೀದ್ ಮೇಜಿನ ಮೇಲೆ ಮೂರು ಬೆರಳು ಊರಿದ್ದಾನೆ, ಅಜ್ಜ, ಅಲ್ಲಿ ಗೈಡಿನ ಒಟ್ಟಿಗೆ ಹೋಗುದು, ಅದರಲ್ಲಿ ಮೂರು ನಮೂನೆ ಉಂಟು, ಯಾವುದು ಅಂತ ಈಗಲೇ ಹೇಳ್ಬೇಕು, ಒಂದನೇದು ಮೇಲೆ ಜನ ಕೂರುವಲ್ಲಿ ಸುತ್ತು ಬಂದು ಫೋಟೋ ತೆಗೆಯುದು, ಮದುವೆಗೆ ಹೋಗಿ ಊಟ ಮಾಡದೆ ಬಂದ ಹಾಗೆ, ಎರಡನೇದು ನಡುವಿಗೆ ಇಳಿಯುದು, ಹೊಡೆದಾಟ ಆಗ್ತಿದ್ದ ಜಾಗ, ಮೂರನೇದು ಅದರ ಅಡಿಗೆ, ನೆಲದ ಕೆಳಗೆ, ಗುಹೆ ಹಾಗೆ ಉಂಟು, ಪ್ರಾಣಿಗಳನ್ನೆಲ್ಲ ಅಲ್ಲಿ ಕಟ್ಟಿ ಹಾಕಿ ಲಿಫ್ಟಿನಲ್ಲಿ ಮೇಲೆ ಬಿಡ್ತಿದ್ರು, ಪ್ರಾಯದವರಿಗೆ ನಾನು ಒಂದನೇದೇ ಹೇಳುದು, ಮೆಟ್ಟಲು ಕಮ್ಮಿ. ಯಶಸ್ವಿ ಎರಡನೆಯದು ಎಂದಳು, ಬೆಳ್ಯಪ್ಪ ಒಂದನೆಯದು ಎನ್ನಲು ಬಾಯಿ ತೆರೆದಿದ್ದ, ಮೊಣಕಾಲಿನ ನೆವ ನಾಲಿಗೆಯ ತುದಿಗೆ ಬಂದಿತ್ತು, ಅಷ್ಟರಲ್ಲಿ ಕಮಲಾವತಿ, ಅಂಗಡಿಯಲ್ಲಿ ಸೀರೆಯ ಬಣ್ಣ ಕೇಳಲೂ ಬಾಯಿ ಬಿಡದವಳು, ಅಡಿಯಲ್ಲಿ ಮನುಷ್ಯರು ಇರ್ಲಿಲ್ವಾ ಎಂದು ಕೇಳಿದಳು, ಇದ್ರು ಅಜ್ಜಿ, ಹೊಡೆದಾಡುವವರು ಕಾಯ್ತಾ ನಿಲ್ಲುದು ಅಲ್ಲೇ, ಅವರನ್ನು ತಯಾರು ಮಾಡಿ ಮೇಲೆ ಕಳಿಸುವವರೂ ಅಲ್ಲೇ, ಎಂದ ಸಾಹುಲ್ ಹಮೀದ್. ಹಾಗಾದ್ರೆ ಮೂರನೇದೇ ಇರ್ಲಿ, ಎಂದಳು, ಕಣ್ಣು ಪರದೆಯಲ್ಲೇ, ಧ್ವನಿಯಲ್ಲಿ ಏರೂ ಇಲ್ಲ ಇಳಿವೂ ಇಲ್ಲ, ಒರೆ ತೆಗೆಯುವವ ಎಲ್ಲಿ ನಿಲ್ತಿದ್ದ ಅಂತ ಭಾವ ಒಮ್ಮೆ ನೋಡ್ಲಿ.

ಒರೆ — ಆ ಶಬ್ದ ಅವರ ಮನೆಯಲ್ಲಿ ನಲ್ವತ್ತೊಂದು ವರ್ಷದಿಂದ ಯಾರ ಬಾಯಿಂದಲೂ ಬಂದದ್ದಿಲ್ಲ, ಬೆಳ್ಯಪ್ಪನ ಕಿವಿಯಲ್ಲಿ ಫ್ಯಾನಿನ ಸದ್ದು ನಿಂತಿತು, ರೆಕ್ಕೆ ತಿರುಗುತ್ತಿದೆ, ಸದ್ದಿಲ್ಲ, ಸಾಹುಲ್ ಹಮೀದನ ಬಾಯಿ ಆಡುತ್ತಿದೆ, ಅಜ್ಜಿಗೆ ಧೈರ್ಯ ಉಂಟು ಮಾರಾಯ್ರೆ ಎನ್ನುತ್ತಿರಬೇಕು, ಆ ದಿನಕ್ಕೆ ಅಡಿಗೆ ಹೋಗ್ಲಿಕ್ಕೆ ಎರಡೇ ಜಾಗ ಉಳಿದದ್ದು ಎನ್ನುತ್ತಿದ್ದಾನೆ, ಸಾಕು ಎನ್ನುತ್ತಾಳೆ ಕಮಲಾವತಿ, ಯಶಸ್ವಿ ಮೇಲೆ ಇರ್ಲಿ, ನಾನೂ ಭಾವನೂ ಇಳಿತೇವೆ — ಅವಳಿಗೆ ಒರೆ ತೆಗೆದ ಸಂಗತಿ ಹೇಗೆ ಗೊತ್ತು, ಹೆಂಗಸರು ಕೋಳಿ ಅಂಕಕ್ಕೆ ಬರುವುದಿಲ್ಲ, ಆ ದಿನವೂ ಬಂದದ್ದಿಲ್ಲ, ಒರೆಗೆ ಏನಾಯಿತೆಂದು ಅವಳಿಗೆ ಅವನೇ ಹೇಳಿದ್ದು, ಹೇಳಿದ್ದೂ ಸುಳ್ಳು. ಕೋಳಿಯ ಕಾಲಿಗೆ ಬಾಳು ಕಟ್ಟುವುದರಲ್ಲಿ ಅವರ ಊರು ಮಂಡೆಕೋಲಿನ ಸುತ್ತ ಬೆಳ್ಯಪ್ಪನ ಕೈಯೇ ಕೈ, ಬಾಳು ಎಂದರೆ ಬೆರಳುದ್ದದ ಚೂರಿ, ಕೆಂಪು ನೂಲು, ನೂಲು ಸುತ್ತುವಾಗ ಕೋಳಿಗೂ ಗೊತ್ತಾಗಬಾರದು, ಕಟ್ಟಿ ಆದ ಮೇಲೆ ಬಾಳಿಗೆ ಒರೆ ಹಾಕಬೇಕು, ಕೋಳಿ ಹಿಡಿದವನು ಜನರ ಉರುಟಿನೊಳಗೆ ಹೋಗಿ ಕುಕ್ಕರುಗಾಲಿನಲ್ಲಿ ಕೂತು ಅದರ ಕಾಲೆರಡನ್ನೂ ಬೆರಳಲ್ಲಿ ಬಿಗಿದ ಮೇಲೆಯೇ ಕಟ್ಟಿದವನು ಒರೆ ಎಳೆಯಬೇಕು, ಅದು ಕ್ರಮ, ಕುಡಿದವನೂ ಅದನ್ನು ಮೀರುವುದಿಲ್ಲ. ಬೇರೆಯವರ ಒರೆ ಅಡಿಕೆ ಹಾಳೆಯದ್ದು, ಬೆಳ್ಯಪ್ಪನದ್ದು ಚರ್ಮದ್ದು, ಪದ್ಮಯ್ಯನ ಮದುವೆಗೆ ಕಮಲಾವತಿಯ ಅಪ್ಪ ಕಟ್ಟಿದ ವಾಚಿನ ಪಟ್ಟಿ ತುಂಡಾದಾಗ, ಇದು ನಿನಗೆ ಎಂತದಕ್ಕಾದ್ರೂ ಆದೀತಾ ನೋಡು ಅಣ್ಣ ಎಂದು ತಮ್ಮನೇ ಕೊಟ್ಟದ್ದು, ಮಡಚಿ ಹೊಲಿದಿದ್ದ, ಕಪ್ಪು ಪಟ್ಟಿ, ತುದಿಯಲ್ಲಿ ಮೂರು ತೂತು. ಆ ದಿನ ಕೊಯ್ಲು ಮುಗಿದ ಗದ್ದೆ, ಕೂಳೆ ಕಾಲಿಗೆ ಚುಚ್ಚುತ್ತದೆ, ಪದ್ಮಯ್ಯನ ಕೈಯಲ್ಲಿ ಕೆಂಪು ಹುಂಜ, ಆಚೆಯವರ ಬಿಳಿ ಹುಂಜ ಆಗಲೇ ಉರುಟಿನೊಳಗೆ ಕಾಯುತ್ತಿದೆ, ಯಾರೋ ಕೂಗುತ್ತಾರೆ, ಬೆಳ್ಯಪ್ಪನ ಕೈಗೆ ಇವತ್ತು ಎಂತಾಯ್ತು, ಬಾಳು ಕಟ್ಟುದಾ ಅಕ್ಕಿ ಆರಿಸುದಾ, ಜನ ನಗುತ್ತಾರೆ — ಆ ಒಂದು ನಗೆಗೆ, ಅಷ್ಟಕ್ಕೇ, ಪದ್ಮಯ್ಯ ಇನ್ನೂ ನಿಂತೇ ಇದ್ದಾನೆ, ಕೋಳಿ ತೊಡೆಯ ಹತ್ತಿರ, ತಡಿ ಅಣ್ಣ ಎನ್ನುತ್ತಿದ್ದಾನೆ, ಎಂತ ತಡಿಯುದು ಎಂದು ಬೆಳ್ಯಪ್ಪ ಒಂದೇ ಎಳೆತಕ್ಕೆ ಒರೆ ಎಳೆದು, ಎಲ್ಲರೂ ನೋಡಲಿ ಎಂದೇ ಮೇಲೆತ್ತಿ, ಅಂಗಿಯ ಕಿಸೆಗೆ ಹಾಕಿದ, ಕೋಳಿ ಕಾಲು ಕೊಡವಿತು, ಒಮ್ಮೆ, ಪದ್ಮಯ್ಯ ಕೆಳಗೆ ನೋಡಿಕೊಂಡ, ಯಾರೋ ನೀರು ಚೆಲ್ಲಿದರು ಎಂಬ ಹಾಗೆ, ಅವನ ಮುಖದಲ್ಲಿ ನೋವಿರಲಿಲ್ಲ, ಇದೆಂತ ಎಂಬ ಒಂದು ಕೇಳಿಕೆ ಇತ್ತು, ಬಿಳಿ ಪಂಚೆ ಸೊಂಟದಿಂದ ಕೆಳಗೆ ನೋಡನೋಡುತ್ತ ಬಣ್ಣ ಬದಲಾಯಿಸಿತು. ಜೀಪಿಗೆ ಎತ್ತಿ ಹಾಕಿದರು, ಬೆಳ್ಯಪ್ಪ ಎರಡೂ ಕೈಯಿಂದ ತೊಡೆ ಒತ್ತಿ ಹಿಡಿದಿದ್ದ, ಜೀಪು ತಿರುಗುವಾಗ ಹಿಂದೆ ನೋಡಿದ, ಉರುಟು ಮತ್ತೆ ಮುಚ್ಚಿತ್ತು, ಬೆನ್ನುಗಳು, ಬರೀ ಬೆನ್ನುಗಳು, ಮುಂದಿನ ಜೋಡಿ ಇಳಿದಾಗಿತ್ತು, ಐವತ್ತು ಸಾವಿರ ಎಂದಳಲ್ಲ ಯಶಸ್ವಿ, ಇಲ್ಲಿ ಇದ್ದದ್ದು ಇನ್ನೂರು, ಬೆನ್ನು ಎಲ್ಲ ಒಂದೇ. ಅಜ್ಜಾವರ ದಾಟುವ ಮೊದಲು ತಮ್ಮನ ಕೈ ತಣ್ಣಗಾಯಿತು. ಒರೆ ಜಾರಿತು, ಧೂಳಿಗೆ ಬಿತ್ತು, ಸಿಗಲಿಲ್ಲ, ಎಂದು ಠಾಣೆಯವರಿಗೆ ಹೇಳಿದ, ಊರಿನ ಹಿರಿಯರಿಗೆ ಹೇಳಿದ, ಮೂರು ವರ್ಷದ ಮಗುವನ್ನು ಸೊಂಟದಲ್ಲಿಟ್ಟು ಬಾಗಿಲ ದಾರಂದಕ್ಕೆ ಒರಗಿ ನಿಂತ ಕಮಲಾವತಿಗೆ ಹೇಳಿದ, ಅವಳು ಹೂಂ ಎಂದಳು.

ಮನೆಗೆ ಮರಳುವ ಬಸ್ಸು ಕುಂಬ್ರ ದಾಟಿತು, ಕಾವು ದಾಟಿತು, ಕಮಲಾವತಿ ಮುಂದೆ ಹೆಂಗಸರ ಸೀಟಿನಲ್ಲಿ, ಹಿಂದಿನಿಂದ ಕಾಣುವುದು ನರೆತ ತುರುಬು, ಅದಕ್ಕೊಂದು ಅಬ್ಬಲಿಗೆ ಹೂವನ್ನೂ ತಮ್ಮ ಹೋದ ಮೇಲೆ ಅವಳು ಮುಡಿದದ್ದಿಲ್ಲ, ಪಕ್ಕದಲ್ಲಿ ಯಶಸ್ವಿ ಮೊಬೈಲು ತೋರಿಸಿ ಏನೋ ಹೇಳಿ ನಗುತ್ತಾಳೆ, ಅವಳಿಗೆ ಗೊತ್ತೋ, ಗೊತ್ತಿರಲಾರದು, ಯಾರಿಗೆ ಎಷ್ಟು ಗೊತ್ತು ಎಂಬುದೇ ಇವತ್ತಿನಿಂದ ಗೊತ್ತಿಲ್ಲ. ತಮ್ಮ ಸತ್ತ ಮೂರನೆಯ ದಿನ ಅಂಗಿಯ ನೆನಪಾಗಿತ್ತು, ಓಡಿ ಹೋಗಿ ನೋಡಿದ್ದ, ಅಂಗಿ ಒಗೆದು ಮಡಚಿ ಇಟ್ಟಿತ್ತು, ಕಿಸೆ ಖಾಲಿ, ಜೀಪಿನಲ್ಲಿ ಬಿದ್ದಿರಬೇಕು ಎಂದುಕೊಂಡ, ಜೀಪಿನಲ್ಲೇ ಬಿದ್ದಿರಬೇಕು ಎಂದು ಅಂದುಕೊಂಡು ಅಂದುಕೊಂಡು ಅದು ಬಿದ್ದದ್ದನ್ನು ಕಣ್ಣಾರೆ ಕಂಡವನ ಹಾಗಾದ. ಆಮೇಲೆ ಬಾಳು ಮುಟ್ಟಲಿಲ್ಲ, ಮದುವೆಯ ಮಾತು ಬಂದಾಗಲೆಲ್ಲ ತಮ್ಮನ ಮಗು ಉಂಟಲ್ಲ ಎಂದು ದಾಟಿಸಿದ, ಆ ಮಗುವನ್ನು ಓದಿಸಿ ಮದುವೆ ಮಾಡಿಸಿ ಕೊಟ್ಟ, ಇಂಥ ಭಾವ ಯಾರಿಗೆ ಸಿಗ್ತಾರೆ ಎಂದು ಮಂಡೆಕೋಲಿನಲ್ಲಿ ಜನ ಕಮಲಾವತಿಯ ಎದುರೇ ಹೇಳುತ್ತಿದ್ದರು, ಅವಳು ಅದಕ್ಕೂ ಹೂಂ ಎನ್ನುತ್ತಿದ್ದಳು, ಜ್ವರ ಬಂದಾಗ ಗಂಜಿ ತಂದಿಟ್ಟಳು, ಮೀನು ಪದಾರ್ಥ ಆದ ದಿನ ನಡುವಿನ ತುಂಡು ಅವನಿಗೇ ಬಡಿಸಿದಳು — ಅದನ್ನೆಲ್ಲ ಮಾಡುವಾಗ ಅವಳಿಗೆ ಗೊತ್ತಿತ್ತೇ, ಅಯ್ಯೋ, ಅಷ್ಟೂ ಊಟಕ್ಕೆ ಕೂತದ್ದು ಅವನು ಯಾರ ಎದುರು. ಮನೆ ಮುಟ್ಟುವಾಗ ಹೊತ್ತು ಇಳಿದಿತ್ತು, ಯಶಸ್ವಿ ಮೀಯಲು ಹೋದಳು, ಕಮಲಾವತಿ ಜಗಲಿಯಲ್ಲಿ ಹುರುಳಿಯ ಕಲ್ಲು ಹೆಕ್ಕಲು ಕೂತಳು, ಏನೂ ಆಗದವಳ ಹಾಗೆ, ಅವನು ಕಂಬ ಹಿಡಿದು ನಿಂತೇ ಇದ್ದ, ಕೊನೆಗೆ, ಆ ಶಬ್ದ ನಿನಗೆ ಈಗ ಯಾಕೆ ನೆನಪಾಯ್ತು ಎಂದು ಕೇಳಿದ, ಕೇಳಿದ್ದು ತನ್ನ ಧ್ವನಿಯೇ ಎಂದು ಗುರುತು ಸಿಗಲಿಲ್ಲ. ಅವಳು ಒಂದು ಕಲ್ಲು ಹೆಕ್ಕಿ ಅಂಗಳಕ್ಕೆ ಎಸೆದಳು. ಅಂಗಿ ಒಗೆದದ್ದು ನಾನಲ್ವಾ ಭಾವ. ಇನ್ನೊಂದು ಕಲ್ಲು. ಅಂಗಿಯ ಕೈ ಪೂರ ರಕ್ತ, ಕಿಸೆಯಲ್ಲಿ ಅವರ ವಾಚಿನ ಪಟ್ಟಿ, ಒಂದು ಹನಿ ಇಲ್ಲ ಅದರಲ್ಲಿ, ಧೂಳಿಗೆ ಬಿದ್ದದ್ದು ಕಿಸೆಗೆ ಹೇಗೆ ಬರುದು. ಮತ್ತೆ ಮನೆಮಾತಿನಲ್ಲಿ, ಮಗುವಿಗೆ ಹೇಳುವಷ್ಟು ಮೆಲ್ಲಗೆ, ನಂಗೆ ಗೊತ್ತುಟ್ಟು. ಬೈಯಲಿಲ್ಲ, ಅತ್ತದ್ದಿಲ್ಲ, ಅದೇ ಅವನನ್ನು ಕಂಬದ ಬುಡಕ್ಕೆ ಕೂರಿಸಿತು, ಬೈದಿದ್ದರೆ ಏನಾದರೂ ಹೇಳಬಹುದಿತ್ತು. ಯಾಕೆ ಇಷ್ಟು ದಿನ, ಎಂದ. ನೀವು ಹೇಳ್ತೀರಿ ಅಂತ ಕಾದೆ, ಎಂದಳು, ಒಮ್ಮೆ ನಿಮ್ಮ ಬಾಯಿಂದ ಕೇಳ್ಬೇಕು ನನಗೆ, ಬೇರೆ ಎಂತ ಬೇಡ, ಅಲ್ಲಿ ಅಡಿಗೆ ಇಳಿಯುವ ಮೊದಲು ಹೇಳಿ, ಹೊರಡ್ಲಿಕ್ಕೆ ಹದಿನೆಂಟು ದಿನ ಉಂಟಲ್ಲ — ಹುರುಳಿಯ ಮರಿಗೆಯನ್ನು ಎತ್ತಿಕೊಂಡು ಒಳಗೆ ಹೋದಳು.

ನಾನೇ ತೆಗೆದದ್ದು. ಮೂರು ಶಬ್ದವೂ ಇಲ್ಲ, ಎರಡು, ಕೊಟ್ಟಿಗೆಯಲ್ಲಿ ದನಕ್ಕೆ ಹೇಳಿ ನೋಡಿದ, ಬಂತು, ಬಾವಿಕಟ್ಟೆಯಲ್ಲಿ ಹೇಳಿ ನೋಡಿದ, ಬಂತು, ಬಟ್ಟಲಿನ ಎದುರು ಕೂತು ಅವಳ ಕೈ ಅನ್ನ ಇಕ್ಕುವುದು ಕಂಡರೆ ಅದನ್ನು ಹೇಳುವ ಬದಲು ತುತ್ತು ಬಾಯಿಗೆ ಹಾಕಿಕೊಳ್ಳುತ್ತಾನೆ, ಸಾಕಾ ಭಾವ ಎನ್ನುತ್ತಾಳೆ ಅವಳು, ಎಂದಿನ ಹಾಗೆ, ಸಾಕು ಎನ್ನುತ್ತಾನೆ, ಹತ್ತು ದಿನ ಹೋಯಿತು, ಹದಿನೈದು ಹೋಯಿತು, ಯಶಸ್ವಿ ಹೊಸ ಚೀಲ ತಂದಳು, ದೊಡ್ಡಜ್ಜ ಅಲ್ಲಿ ಚಪ್ಪಲಿ ಆಗ್ಲಿಕ್ಕಿಲ್ಲ ಎಂದು ಬೂಟು ತಂದಳು, ಅವನು ಜಗಲಿಯಲ್ಲಿ ಬೂಟು ಹಾಕಿ ನಡೆದು ನೋಡಿದಾಗ ಕಮಲಾವತಿಯೂ ನಕ್ಕಳು, ಮದುಮಗನ ಹಾಗೆ ಉಂಟು ಎಂದಳು, ಆ ನಗೆಯಲ್ಲಿ ಏನೂ ಅಡಗಿರಲಿಲ್ಲ, ಅದು ಬರೀ ನಗೆ, ಅಷ್ಟು ವರ್ಷವೂ ಅವಳು ಹೀಗೇ ಇದ್ದಳು, ಕಾದವಳು ಕಾಯುವವಳ ಹಾಗೆ ಕಾಣಲೇ ಇಲ್ಲ. ಬುಧವಾರ ನೆಟ್ಟಣದ ಸ್ಟೇಷನ್ನು, ಬೆಂಗಳೂರಿಗೆ ಹೋಗುವ ಹಗಲಿನ ರೈಲು, ವಿಮಾನ ಅಲ್ಲಿಂದ, ಘಾಟಿ ಹತ್ತಬೇಕಾದ ರೈಲಿಗೆ ಇಲ್ಲಿ ಹಿಂದಿನಿಂದ ದೂಡಲು ಬೇರೆ ಇಂಜಿನು ಕಟ್ಟುತ್ತಾರೆ, ಬೆಳ್ಯಪ್ಪ ಪ್ಲಾಟ್‌ಫಾರಮ್ಮಿನಲ್ಲಿ ನಿಂತು ಅದನ್ನೇ ನೋಡುತ್ತಿದ್ದ, ಒಬ್ಬ ನಡುವೆ ಇಳಿದು ಕೊಂಡಿ ಸಿಕ್ಕಿಸಿದ, ಎಳೆದು ನೋಡಿದ, ಇನ್ನೊಮ್ಮೆ ಎಳೆದು ನೋಡಿದ, ಹೊರಗೆ ಬಂದ, ದೂರ ಸರಿದ, ಆಮೇಲೆ ಕೈ ಎತ್ತಿದ, ಯಾರಿಗೂ ಅವಸರ ಇಲ್ಲ, ಅದು ಕ್ರಮ — ಹತ್ತಿ ಕೂತ ಕೂಡಲೇ ಹೇಳುವುದು, ಗಾಡಿ ಹೊರಡುವ ಮೊದಲೇ ಹೇಳುವುದು, ಇವತ್ತು ಖಂಡಿತ, ಕಮಲಾವತಿ ಕಿಟಕಿಯ ಬದಿ ಕೂತಾಯಿತು, ಯಶಸ್ವಿ ಬಾಗಿಲಲ್ಲಿ ನಿಂತು, ದೊಡ್ಡಜ್ಜ ನಿಮ್ಮ ಟಿಕೆಟು ನೀವೇ ಇಟ್ಕೊಂಡದ್ದಲ್ವಾ, ನೋಡಿ ಉಂಟಾ ಎಂದಳು, ಅವನು ಅಂಗಿಯ ಕಿಸೆಗೆ ಕೈ ಹಾಕಿದ, ಬಿಳಿ ಅಂಗಿ, ಬೆಳಿಗ್ಗೆ ಕಮಲಾವತಿಯೇ ಇಸ್ತ್ರಿ ಹಾಕಿ ಕೊಟ್ಟದ್ದು, ಟಿಕೆಟಿನ ಕಾಗದ ಇತ್ತು, ಕಾಗದದ ಹಿಂದೆ ಇನ್ನೊಂದು ಏನೋ ಬೆರಳಿಗೆ ತಾಗಿತು, ಬೆರಳುದ್ದ, ಗಟ್ಟಿ, ಒಣಗಿದ್ದು, ಅಂಚಿನಲ್ಲಿ ಅವನದೇ ಹೊಲಿಗೆ, ಬೆರಳು ತನ್ನಷ್ಟಕ್ಕೆ ಅದರ ಮೇಲೆ ನಡೆಯಿತು, ಒಂದು ತೂತು, ಎರಡು ತೂತು, ಮೂರು. ಎಲ್ಲಿಟ್ಟಿದ್ದಳು, ಯಾವ ಪೆಟ್ಟಿಗೆಯಲ್ಲಿ, ಯಾವ ಸೀರೆಯ ಅಡಿಯಲ್ಲಿ, ಎಲ್ಲಿಂದ ತೆಗೆದಿದ್ದಳೋ ಅಲ್ಲಿಗೇ ಇಟ್ಟಿದ್ದಾಳೆ. ಕಿಟಕಿಯ ಸರಳಿನ ಆಚೆ ಅವಳ ಮುಖ, ನೇರ ಅವನನ್ನೇ ನೋಡುತ್ತಿದೆ, ಹತ್ತಿ ಭಾವ ಎನ್ನುತ್ತಾಳೆ, ಬನ್ನಿ ಎನ್ನುತ್ತಾಳೆ, ಕೋಪ ಇಲ್ಲ, ಜಾಗ ಇಟ್ಟಿದ್ದಾಳೆ, ಪಕ್ಕದ ಸೀಟಿನ ಮೇಲೆ ಅವಳ ಕೈ ಉಂಟು, ಹಿಂದೆ ಇಂಜಿನು ಕೂಗಿತು, ಮುಂದೆ ಇನ್ನೊಂದು ಕೂಗಿತು, ಬೆಳ್ಯಪ್ಪನ ಕೈ ಕಿಸೆಯಲ್ಲೇ, ಬೂಟಿನ ಕಾಲು ನೆಲದಲ್ಲೇ, ನಾನೇ, ಎಂದು ಬಾಯಿ ತೆರೆದ, ಬಂದದ್ದು ಬೇರೆ ಮಾತು, ತಡಿ, ಎಂದ, ತಡಿ, ಅದು ಗದ್ದೆಯಲ್ಲಿ ನಿಂತ ತಮ್ಮನ ಧ್ವನಿ, ಕೂರುವ ಮೊದಲು, ಕೋಳಿ ತೊಡೆಯ ಹತ್ತಿರ, ದೊಡ್ಡಜ್ಜ ಎಂದು ಯಶಸ್ವಿ ಕೈ ಚಾಚಿದಳು, ಆ ಕೈ ಮುಂದೆ ಹೋಯಿತು, ಬಾಗಿಲು ಮುಂದೆ ಹೋಯಿತು, ಕಿಟಕಿಯ ಹಿಂದೆ ಕಿಟಕಿ, ಅವುಗಳಲ್ಲಿ ಬೆನ್ನುಗಳು — ಹೋದದ್ದು ಕಮಲಾವತಿ, ಒಟ್ಟಿಗೆ ಯಶಸ್ವಿ, ಬುಧವಾರ, ಪ್ಲಾಟ್‌ಫಾರಮ್ಮಿನಲ್ಲಿ ಉಳಿದವನ ಕಿಸೆಯಲ್ಲಿ ಒರೆ, ಕಪ್ಪು ಪಟ್ಟಿ, ಒಂದು ತೂತು, ಎರಡು ತೂತು, ಮೂರು ತೂತು, ಒಂದು ಹನಿ ಇಲ್ಲ ಅದರಲ್ಲಿ.