ಹುಸೇನಸಾಬ ಇಟ್ಟ ಕಲ್ಲು

ಐದನೇ ಇಯತ್ತೆಯ ಭೂಗೋಳದಲ್ಲಿ ಹನ್ನೊಂದನೆಯ ಪಾಠ ಭರತಿ ಮತ್ತು ಇಳಿತ. ಶಿವಶರಣಪ್ಪ ಮಾಸ್ತರ ಎನಿಸಿಕೊಂಡ ನಾನು ತಿಕೋಟಾದ ಸಾಲೆಯಲ್ಲಿ ಹದಿನಾರು ವರ್ಷ ಅದನ್ನು ಕಲಿಸಿದ್ದೇನೆ. ಬೋರ್ಡಿನ ಮೇಲೆ ಚಂದ್ರನನ್ನು ಬರೆದು, ಸಮುದ್ರದ ನೀರು ಆರು ತಾಸು ಏರುತ್ತದೆ, ಆರು ತಾಸು ಇಳಿಯುತ್ತದೆ ಎಂದು ಹುಡುಗರಿಂದ ಒದರಿಸಿದ್ದೇನೆ. ತಪ್ಪಿದವರ ಅಂಗೈಗೆ ಛಡಿ ಏಟನ್ನೂ ಕೊಟ್ಟಿದ್ದೇನೆ. ಕಡಲನ್ನು ಮಾತ್ರ ನೋಡಿರಲಿಲ್ಲ.

ಹುಸೇನಸಾಬ ಭೂತನಾಳ ಕೆರೆಯ ಕಾವಲುಗಾರ. ನನ್ನ ಮನೆ ವಿಜಾಪುರದ ಅಥಣಿ ರಸ್ತೆಯಲ್ಲಿ. ಸಾಲೆಯಿಂದ ಬರುವಾಗ ಕೆರೆಯ ದಂಡೆಗಿಳಿದು ಅವನೊಂದಿಗೆ ಚಹಾ ಕುಡಿಯದ ದಿನವಿಲ್ಲ. ಅವನಿಗೊಂದು ರೂಢಿ: ಎಂಟು ದಿನಕ್ಕೊಮ್ಮೆ ನೀರಿನ ಅಂಚಿಗೆ ಒಂದು ಕಲ್ಲಿಡುವುದು. ಕಲ್ಲಿಗೂ ನೀರಿಗೂ ನಡುವೆ ಬಿದ್ದ ಒಣ ನೆಲ ನೋಡಿ, ಊರಿಗೆ ಇನ್ನೆಷ್ಟು ದಿನ ನೀರು ಬಂದೀತು ಎಂದು ಹೇಳುತ್ತಿದ್ದ. ಇಂಜಿನಿಯರ ಸಾಹೇಬರೂ ಅವನನ್ನೇ ಕೇಳುತ್ತಿದ್ದರು. "ಇಳದ ನೀರು ಮಳಿ ಬರೂತನಕ ಹೊಳ್ಳಿ ಏರಂಗಿಲ್ರಿ ಮಾಸ್ತರ," ಎನ್ನುತ್ತಿದ್ದ. ಅವನ ಲೆಕ್ಕ ಒಮ್ಮೆಯೂ ತಪ್ಪಿದ್ದನ್ನು ನಾನು ಕಾಣೆ.

ಅವನ ಹೆಂಡತಿ ಪೀರಾಂಬಿಗೆ ಮೊಳಕಾಲು ನೋವು. ಕಾರವಾರದಾಚೆ ಕಡಲೊಳಗೆ ಚಾಚಿದ ನೆಲವೊಂದರ ತುದಿಗೆ ಒಂದು ದೊಡ್ಡ ಬಂಡೆ, ಅದರ ಮೇಲೆ ಮುರುಕು ಕೋಟೆ, ಕೋಟೆಯೊಳಗೆ ಒಬ್ಬ ಪೀರರ ಗೋರಿ. ಆದಿಲಶಾಹಿ ಕಾಲದಲ್ಲಿ ನಮ್ಮ ವಿಜಾಪುರದಿಂದಲೇ ಹೋದವರು, ಹರಕೆ ಹೊತ್ತರೆ ನೋವು ವಾಸಿಯಾಗುತ್ತದೆ ಎಂದು ಯಾರೋ ಆಕೆಯ ಕಿವಿಗೆ ಹಾಕಿದ್ದರು. ಈ ಎಪ್ಪತ್ತನಾಲ್ಕರ ಬೇಸಿಗೆ ರಜೆಯಲ್ಲಿ ಹೋಗಲೇಬೇಕೆಂದು ಹಟ ಹಿಡಿದಳು. "ಕಂಡರಿಯದ ಊರ್ರಿ ಮಾಸ್ತರ. ಕಲಿತವರು ನೀವು ಸಂಗಾಟ ಇದ್ರ ನನಗ ಧೈರ್ಯ," ಎಂದಳು. ಹೊಗಳಿದರೆ ಉಬ್ಬಿಹೋಗುವ ಮನುಷ್ಯ ನಾನು. ಹೊರಟೆ. ಮೂರು ಕಡೆ ನೀರು, ಒಂದು ಕಡೆ ನೆಲವಿದ್ದರೆ ಪರ್ಯಾಯ ದ್ವೀಪ ಎಂದು ಬಸ್ಸಿನುದ್ದಕ್ಕೂ ಅವರ ತಲೆ ತಿಂದೆ.

ಹುಣ್ಣಿಮೆಯ ದಿನ ಮುಂಜಾನೆ ಮುಟ್ಟಿದೆವು. ಬಂಡೆಗೂ ದಂಡೆಗೂ ನಡುವೆ ನೀರು ತುಂಬಿ ಮೊರೆಯುತ್ತಿತ್ತು. ಆ ಸಪ್ಪಳ ನನಗೆ ಸೇರಲಿಲ್ಲ. ಒಂದು ಗಳಿಗೆಯೂ ಬಾಯಿ ಮುಚ್ಚದ ನೀರನ್ನು ನಾನು ಕಂಡಿರಲಿಲ್ಲ. ಹುಸೇನಸಾಬ ಮಾತ್ರ ರೂಢಿಯಂತೆ ಕಲ್ಲೊಂದನ್ನು ಹುಡುಕಿ ನೀರಿನ ಅಂಚಿಗಿಟ್ಟ. ಮಧ್ಯಾಹ್ನ ರೊಟ್ಟಿ ತಿಂದು ನೋಡಿದರೆ, ನೀರು ಕಲ್ಲಿನಿಂದ ನಲವತ್ತು ಹೆಜ್ಜೆ ಸರಿದಿತ್ತು. ನಾಲ್ಕರ ಹೊತ್ತಿಗೆ ಬಂಡೆಯತನಕ ಒದ್ದೆ ಮರಳಿನ ದಾರಿ ತೆರೆದಿತ್ತು.

"ಒಂದ ದಿನಕ್ಕ ಇಷ್ಟ ಇಳೀತಲ್ರಿ! ಎಲ್ಲೋ ತೂಬು ತಗದಾರ," ಎಂದ ಹುಸೇನಸಾಬ. ಆಮೇಲೆ ನನ್ನ ಮುಖ ನೋಡಿದ. "ಹೊಳ್ಳಿ ಏರಂಗಿಲ್ಲಲ್ರಿ ಮಾಸ್ತರ?"

ಹದಿನಾರು ವರ್ಷ ಒದರಿಸಿದ ಪಾಠ ಕಣ್ಣೆದುರಿಗೇ ನಡೆಯುತ್ತಿತ್ತು. ನನಗೆ ಗುರುತು ಸಿಗಲಿಲ್ಲ. ಅದು ಪುಸ್ತಕದಲ್ಲಿತ್ತು, ಇದು ನೀರು. "ಏರಂಗಿಲ್ಲ, ನಡಿ," ಎಂದೆ.

ಗೋರಿಗೆ ಹೂ ಏರಿಸುವಷ್ಟರಲ್ಲಿ ಪೀರಾಂಬಿಯ ಕಾಲು ಸೋತವು. "ನಾ ಇಲ್ಲೇ ಪೀರರ ಹಂತ್ಯಾಕ ಕುಂದರ್ತೀನಿ. ನೀವು ಮೀನ ಹಿಡಿಯೂದು ನೋಡಿ ಬರ್ರಿ," ಎಂದಳು. ನಾವಿಬ್ಬರೂ ಅದೇ ಮರಳಿನ ದಾರಿಯಿಂದ ದಂಡೆಗೆ ಬಂದೆವು. ಚಾಚಿದ ನೆಲದ ಆಚೆ ಮಗ್ಗುಲಲ್ಲಿ ಮೀನುಗಾರರು ಊರುದ್ದದ ರಂಪಣಿ ಬಲೆ ಎಳೆಯುತ್ತಿದ್ದರು. ನಾವೂ ಹಗ್ಗಕ್ಕೆ ಕೈ ಹಚ್ಚಿದೆವು. ರಾಶಿ ರಾಶಿ ಮೀನು ಸಿಡಿಯುವುದನ್ನು ನೋಡಿ ಹುಸೇನಸಾಬ ಕೂಸಿನಂತೆ ನಕ್ಕ. ಹೊತ್ತು ಹೋದದ್ದು ತಿಳಿಯಲಿಲ್ಲ.

ತಿರುಗಿ ಬಂದಾಗ ಸೂರ್ಯ ಮುಳುಗುತ್ತಿದ್ದ. ದಾರಿ ಇರಲಿಲ್ಲ. ನೀರು ಅವನಿಟ್ಟ ಕಲ್ಲಿನ ಕಡೆಗೆ ಬರುತ್ತಿತ್ತು. ಬಂಡೆಯ ಮೇಲೆ ಪೀರಾಂಬಿಯ ಹಸಿರು ಸೀರೆ ಕಂಡಿತು. ಕೂಗುತ್ತಿದ್ದಳೋ ಏನೋ, ಆ ಸಪ್ಪಳದಲ್ಲಿ ಕೇಳಿಸಲಿಲ್ಲ.

"ಯಪ್ಪಾ, ಆಕಿ ಮುಳಗತಾಳ್ರೀ!" ಎಂದು ಹುಸೇನಸಾಬ ಅಂಗಿ ಕಳಚಿದ. ನಾನು ತಡೆಯಲಿಲ್ಲ. ಭೂತನಾಳ ಕೆರೆಯನ್ನು ಈ ದಂಡೆಯಿಂದ ಆ ದಂಡೆಗೆ ಈಸಿದವನು, ಇದೇನು ಮಹಾ ಎಂದುಕೊಂಡೆ. ಅರ್ಧ ದಾರಿಯತನಕ ತಲೆ ಕಂಡಿತು. ಆಮೇಲೆ ನೀರು ಅವನನ್ನು ಪಕ್ಕಕ್ಕೆ ಎಳೆಯಿತು. ನಾನು ಓಡಿ ಮೀನುಗಾರರನ್ನು ಕರೆತಂದಾಗ ಅಲ್ಲಿ ಬರೀ ನೀರಿತ್ತು.

ಅವರು ದೋಣಿ ಹಾಕಿ ಪೀರಾಂಬಿಯನ್ನು ಕರೆತಂದರು. ಆಕೆಯ ಸೀರೆಯ ಅಂಚೂ ತೊಯ್ದಿರಲಿಲ್ಲ. ಮುದುಕ ಮೀನುಗಾರನೊಬ್ಬ ನನ್ನನ್ನು ಪಕ್ಕಕ್ಕೆ ಕರೆದ. "ಆ ಬಂಡೆ ಯಾವತ್ತೂ ಮುಳುಗೂದಿಲ್ಲ ಮಾರಾಯ್ರೆ. ಸುಮ್ಮನೆ ಕೂತಿದ್ರೆ ಬೆಳಗಿನ ಜಾವ ಅವರೇ ನಡೆದು ಬರ್ತಿದ್ರು. ಆರು ತಾಸು ಏರ್ತದೆ, ಆರು ತಾಸು ಇಳೀತದೆ, ಅಷ್ಟೇ." ನನ್ನದೇ ಪಾಠ. ಹೆಣ ಮೂರನೇ ದಿನ ಸಿಕ್ಕಿತು.

ನಲವತ್ತನೇ ದಿನದ ಫಾತೆಹಾ ಮುಗಿದ ಮೇಲೆ ಪೀರಾಂಬಿ ಕೇಳಿದಳು. "ಮಾಸ್ತರ, ಆ ನೀರು ಹೊಳ್ಳಿ ಬರತೈತಂತ ನಿಮಗ ಗೊತ್ತಿದ್ದಿಲ್ಲೇನ್ರಿ?"

"ಇಲ್ಲವ್ವಾ," ಎಂದೆ.

"ಇರಲಿ ಬಿಡ್ರಿ. ಕಲಿತವರಿಗೇ ಗೊತ್ತಿಲ್ಲಂದ್ರ, ಪಾಪ ಅವರಿಗೆ ಹ್ಯಾಂಗ ತಿಳೀಬೇಕು," ಎಂದು ನನಗೇ ಸಮಾಧಾನ ಹೇಳಿ ಚಹಾ ಕೊಟ್ಟಳು. ನಾಚಿಕೆಯಿಂದ ಸತ್ತುಹೋದೆ. ಆದರೂ ಕುಡಿದೆ.

ಈಗ ಆಕೆ ತಿಕೋಟಾದಲ್ಲಿ ಮಗಳ ಮನೆಯಲ್ಲಿದ್ದಾಳೆ. ಮೊಮ್ಮಗಳು ಗುಲಶನ ಈ ವರ್ಷ ನನ್ನ ವರ್ಗಕ್ಕೆ ಬಂದಿದ್ದಾಳೆ, ಬಲು ಜಾಣೆ. "ದಿನಾ ಸಂಜಿಗೆ ನೀವು ಕಲಿಸಿದ್ದನ್ನ ನನ್ನ ಮುಂದ ಜೋರಾಗಿ ಓದ್ತಾಳ್ರಿ. ಒಂದ ಅಕ್ಷರ ಬಿಡಂಗಿಲ್ಲ," ಎಂದು ಪೀರಾಂಬಿಯೇ ಮೊನ್ನೆ ಖುಷಿಯಿಂದ ಹೇಳಿದಳು. ಭರತಿಯ ಪಾಠವೊಂದನ್ನು ಹಾರಿಸಿ ಮುಂದೆ ಹೋಗೋಣವೆಂದರೆ ಪುಸ್ತಕ ಆ ಹುಡುಗಿಯ ಪಾಟಿಚೀಲದಲ್ಲೇ ಇದೆ.

ನಿನ್ನೆ ಹತ್ತನೆಯ ಪಾಠ ಮುಗಿಯಿತು.